ಬೇಸಿಗೆಯ ನೆಂಟರು ಮತ್ತು ಬಚ್ಚಲಿನ ಒಂದೇ ಟವೆಲ್

ಪ್ರಶ್ನೆ: ನಮಸ್ಕಾರ ಡಾಕ್ಟರ್. ಬೆಂಗಳೂರಿನಲ್ಲಿ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ನಾನು, ನನ್ನ ಯಜಮಾನರು, ಐದು ವರ್ಷದ ಮಗಳು, ಎಂಟು ತಿಂಗಳ ಮಗ ಇದ್ದೇವೆ. ನಾನು ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತೇನೆ. ಪ್ರತಿ ಬೇಸಿಗೆ ರಜೆಗೆ ಕಲಬುರಗಿಯಿಂದ ಅತ್ತೆ, ಮಾವ, ನಾದಿನಿ ಮತ್ತು ಅವಳ ಇಬ್ಬರು ಮಕ್ಕಳು (ಹತ್ತು ವರ್ಷದ ಹುಡುಗಿ, ಆರು ವರ್ಷದ ಹುಡುಗ) ಬಂದು ಮೂರು ನಾಲ್ಕು ವಾರ ಇರುತ್ತಾರೆ. ಕಳೆದ ವರ್ಷ ಅವರು ಬಂದ ನಾಲ್ಕನೆಯ ರಾತ್ರಿ ಆ ಹುಡುಗನಿಗೆ ವಾಂತಿ ಶುರುವಾಯಿತು. ಮರುದಿನ ಸಂಜೆ ಅವನ ಅಕ್ಕನಿಗೆ, ಅದರ ಮರುದಿನ ನನ್ನ ಮಗಳಿಗೆ, ಆಮೇಲೆ ನಾದಿನಿಗೆ, ಕೊನೆಗೆ ಮಾವನವರಿಗೆ ವಾಂತಿ ಭೇದಿ. ಮಾವನವರಿಗೆ 72 ವರ್ಷ, ಸಕ್ಕರೆ ಕಾಯಿಲೆ, ಎರಡು ಹೊತ್ತು ಇನ್ಸುಲಿನ್. ಎರಡು ದಿನ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಬೇಕಾಯಿತು. ಆಗ ನಾನು ಆರು ತಿಂಗಳ ಗರ್ಭಿಣಿ. ಅತ್ತೆ ‘ಇಲ್ಲಿಯ ನೀರು ನಮಗೆ ಒಗ್ಗುವುದಿಲ್ಲ’ ಎಂದರು. ನಾದಿನಿ ‘ಫಿಲ್ಟರ್ ನೀರಿನಲ್ಲಿ ಸತ್ವವೇ ಇರುವುದಿಲ್ಲ’ ಎಂದಳು. ಅಕ್ಕಪಕ್ಕದ ಮನೆಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ, ಅದು ನನಗೆ ಇನ್ನಷ್ಟು ಅವಮಾನ. ಈ ಸಲ ಮೇ 2ಕ್ಕೆ ಟಿಕೆಟ್ ಆಗಿದೆ. ಆದರೆ ಏಪ್ರಿಲ್ 10ರಂದು ನಾದಿನಿಯ ಮಗನಿಗೆ ಅಮ್ಮ (ಚಿಕನ್‌ಪಾಕ್ಸ್) ಬಂದಿದೆ. ಈಗ ಗುಳ್ಳೆಗಳು ಒಣಗಿವೆಯಂತೆ. ಅವನ ಅಕ್ಕನಿಗೆ ಬಂದಿಲ್ಲ, ಲಸಿಕೆಯೂ ಆಗಿಲ್ಲ. ನನಗೆ ಚಿಕ್ಕಂದಿನಲ್ಲಿ ಬಂದಿತ್ತು, ಯಜಮಾನರಿಗೆ ಬಂದಿಲ್ಲ, ನನ್ನ ಮಗಳಿಗೆ ಒಂದು ಡೋಸ್ ಲಸಿಕೆ ಆಗಿದೆ. ‘ಬರಬೇಡಿ ಎಂದು ಹೇಗೆ ಹೇಳಲಿ’ ಎನ್ನುತ್ತಾರೆ ಯಜಮಾನರು. ನಾನೇನು ಮಾಡಲಿ? ಇನ್ನೊಂದು ಸಣ್ಣ ಪ್ರಶ್ನೆ: ಅತ್ತೆ ತರುವ ಶೇಂಗಾ ಹಿಂಡಿಯನ್ನು ಮಗುವಿಗೆ ಕೊಡಬಹುದೇ?

ಉತ್ತರ: ನೀವು ನೇರವಾಗಿ ಕೇಳಿದ್ದು ಹೊಟ್ಟೆಯ ವಿಷಯ ಮತ್ತು ಅಮ್ಮನ ವಿಷಯ. ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಪತ್ರದ ಉದ್ದಕ್ಕೂ ಇದೆ: ನನ್ನ ಮನೆಗೆ ಬಂದವರು ಕಾಯಿಲೆ ಬಿದ್ದರು, ತಪ್ಪು ನನ್ನದೇ? ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಲ್ಲ. ಆರು ತಿಂಗಳ ಬಸುರಿ, ಕಚೇರಿ ಕೆಲಸ ಮಾಡಿಕೊಂಡು, ಎಂಟು ಜನರಿಗೆ ಮೂರು ಹೊತ್ತು ಬೇಯಿಸಿ ಹಾಕಿದ ಮೇಲೆ ನಿಮ್ಮನ್ನು ಕೇಳಬೇಕಿದ್ದದ್ದು ‘ನೀನು ಊಟ ಮಾಡಿದೆಯಾ’ ಎಂದು, ‘ನೀರಿಗೆ ಏನು ಹಾಕಿದೆ’ ಎಂದಲ್ಲ. ಮೂವತ್ತು ವರ್ಷ ಸೊಸೆಯಾಗಿಯೂ ಇಪ್ಪತ್ತಾರು ವರ್ಷ ಬಡಾವಣೆಯ ವೈದ್ಯೆಯಾಗಿಯೂ ಇದ್ದವಳು ನಾನು. ಈ ಮಾತನ್ನು ಎರಡೂ ಅನುಭವದಿಂದ ಹೇಳುತ್ತಿದ್ದೇನೆ.

ಮೇ ತಿಂಗಳಲ್ಲಿ ನನ್ನ ಕ್ಲಿನಿಕ್ಕಿನ ಬೆಂಚಿನ ತುಂಬ ‘ಊರಿಂದ ಬಂದವರು’ ಕೂತಿರುತ್ತಾರೆ. ನಿಮ್ಮವರು ಬರುವುದಕ್ಕೆ ಕಾರಣವೂ ಇದೆ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಭಾಗದಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಗಿನ ಹೊತ್ತಿಗೆ ಬದಲಾಯಿಸುತ್ತಾರೆ. ಶಾಲೆಗಳಿಗೆ ರಜೆ, ಮಗನ ಮನೆ ತಂಪಿನ ಊರಿನಲ್ಲಿ, ಹೊಸ ಮೊಮ್ಮಗ ಬೇರೆ. ಬರದೆ ಇರುತ್ತಾರೆಯೇ? ಬಂದವರಲ್ಲಿ ಹತ್ತಕ್ಕೆ ಎಂಟು ಜನ ಬೆಂಚಿನ ಮೇಲೆ ಹೇಳುವುದು ಒಂದೇ ಮಾತು, ‘ನೀರು ಬದಲಾಯಿತಲ್ಲ ಮೇಡಂ, ಅದಕ್ಕೆ.’

ಆ ಮಾತಿನಲ್ಲಿ ಎಷ್ಟು ನಿಜವಿದೆ ನೋಡೋಣ. ಹೊಸ ಊರಿನ ರೋಗಾಣುಗಳು ನಮ್ಮ ಹೊಟ್ಟೆಗೆ ಹೊಸವು, ಹಾಗಾಗಿ ಪ್ರಯಾಣ ಮಾಡಿದವರಿಗೆ ಭೇದಿ ಆಗುವುದು ನಿಜ. ಗಡಸು ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಹೆಚ್ಚಿದ್ದರೆ ಅದಕ್ಕೆ ಒಗ್ಗದವರಿಗೆ ಒಂದೆರಡು ದಿನ ಹೊಟ್ಟೆ ಸಡಿಲವಾಗುವುದೂ ಉಂಟು. ಆದರೆ ಹಾಗೆ ಸಡಿಲವಾದ ಹೊಟ್ಟೆ ಯಾರನ್ನೂ ಸಲೈನ್ ಹಾಕುವ ಮಟ್ಟಕ್ಕೆ ಒಯ್ಯುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತುವುದೂ ಇಲ್ಲ. ನಾದಿನಿಯವರ ‘ಸತ್ವ’ದ ಮಾತಿಗೆ ಹೇಳುವುದಾದರೆ, ನಮ್ಮ ದೇಹಕ್ಕೆ ಬೇಕಾದ ಖನಿಜಗಳ ಬಹುಪಾಲು ಬರುವುದು ಜೋಳ, ಬೇಳೆ, ಸೊಪ್ಪು, ಹಾಲಿನಿಂದ. ಆರ್‌ಒ ನೀರು ಕುಡಿದ ಕಾರಣಕ್ಕೆ ಯಾರಿಗೂ ವಾಂತಿ ಆಗುವುದಿಲ್ಲ.

ಕಳೆದ ವರ್ಷ ನಿಮ್ಮ ಮನೆಗೆ ಬಂದದ್ದೇನು ಎಂದು ಇಲ್ಲಿ ಕೂತು ಖಚಿತವಾಗಿ ಹೇಳಲಾರೆ. ಆದರೆ ನಿಮ್ಮ ಪತ್ರವೇ ಒಳ್ಳೆಯ ಸುಳಿವು ಕೊಟ್ಟಿದೆ. ನಾನು ಇಂಥ ಮನೆಗಳಿಗೆ ಕೇಳುವ ಮೊದಲ ಪ್ರಶ್ನೆ, ‘ಎಲ್ಲರಿಗೂ ಒಟ್ಟಿಗೆ ಬಂತೋ, ಸಾಲಾಗಿ ಬಂತೋ?’ ಒಂದೇ ತಿಂಡಿ ತಿಂದವರೆಲ್ಲ ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ವಾಂತಿ ಮಾಡಿಕೊಂಡರೆ ಅನುಮಾನ ಪಾತ್ರೆಯ ಮೇಲೆ. ಇಡೀ ಕಟ್ಟಡದಲ್ಲಿ ಜನ ಮಲಗಿದರೆ ಅನುಮಾನ ಸಂಪಿನ ಮೇಲೆ, ಟ್ಯಾಂಕರಿನ ಮೇಲೆ. ಒಂದೇ ಮನೆಯಲ್ಲಿ, ಒಂದೊಂದು ದಿನ ಬಿಟ್ಟು ಒಬ್ಬರಾದ ಮೇಲೆ ಒಬ್ಬರಿಗೆ ಬಂದರೆ ಅನುಮಾನ ಕೈಯ ಮೇಲೆ. ನಿಮ್ಮಲ್ಲಿ ಆದದ್ದು ಮೂರನೆಯದು. ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ ಎಂದು ನೀವು ಅವಮಾನಪಟ್ಟಿರಿ. ನಿಮ್ಮ ನೀರು ಸರಿಯಾಗಿತ್ತು ಎನ್ನುವುದಕ್ಕೆ ಅದೇ ದೊಡ್ಡ ಸಾಕ್ಷಿ. ಅದೇ ಸಂಪಿನ ನೀರನ್ನೇ ಅವರೂ ಬಳಸಿದ್ದರಲ್ಲ.

ಹೀಗೆ ಸಾಲುಹಿಡಿದು ಬರುವ ವಾಂತಿ ಭೇದಿ ಹೆಚ್ಚಾಗಿ ನೊರೊವೈರಸ್, ರೋಟಾವೈರಸ್ ಜಾತಿಯದು. ನೊರೊವೈರಸ್ ಆದರೆ ಒಳಗೆ ಹೊಕ್ಕ 12ರಿಂದ 48 ಗಂಟೆಗಳಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯ ಲೆಕ್ಕ ಅದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದು ಹರಡುವುದು ಹೇಗೆ ಎನ್ನುವುದಕ್ಕೆ ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ಮನೆ ನೆನಪಾಗುತ್ತದೆ. ಹನ್ನೊಂದು ಜನ, ಅವರಲ್ಲಿ ಆರು ಜನ ಮಲಗಿದ್ದರು. ಮನೆ ಕನ್ನಡಿಯಂತಿತ್ತು. ಅಡುಗೆಮನೆಯಲ್ಲಿ ನೀರು ಕುದಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟಿದ್ದರು. ಕೈ ತೊಳೆಯಲು ಬಚ್ಚಲಿಗೆ ಹೋದರೆ ಬೇಸಿನ್ ಪಕ್ಕದ ಮೊಳೆಗೆ ಒಂದೇ ಒಂದು ಟವೆಲ್, ನೀಲಿ ಅಂಚಿನದು, ಹಿಂಡಿದರೆ ನೀರು ಬರುವಷ್ಟು ಒದ್ದೆ. ಹನ್ನೊಂದು ಜನರ ಕೈಯೂ ಬಾಯಿಯೂ ಅದಕ್ಕೇ. ಸೋಪಿನ ಪೆಟ್ಟಿಗೆಯಲ್ಲಿ ಉಗುರಿನಷ್ಟು ತೆಳ್ಳಗಿನ ಒಂದು ಚೂರು. ಕುದಿಸಿದ ನೀರಿನ ಪಾತ್ರೆಗೆ ಎಲ್ಲರೂ ಲೋಟ ಅದ್ದಿಯೇ ತೆಗೆದುಕೊಳ್ಳುತ್ತಿದ್ದರು. ಅಷ್ಟು ಕಷ್ಟಪಟ್ಟು ಕುದಿಸಿದ್ದು ಲೋಟ ಹಿಡಿದ ಬೆರಳು ಅದ್ದಿದ್ದರಿಂದ ವ್ಯರ್ಥವಾಯಿತು.

ಆದ್ದರಿಂದ ನಿಮ್ಮ ಮನೆಗೆ ನಾನು ಹೇಳುವ ಮೊದಲ ಸಾಮಾನು ಹೊಸ ಫಿಲ್ಟರ್ ಅಲ್ಲ, ಒಂಬತ್ತು ಸಣ್ಣ ಟವೆಲ್. ತಲೆಗೊಂದು, ಬೇರೆ ಬೇರೆ ಬಣ್ಣ. ಮಕ್ಕಳಿಗೆ ಅದು ಆಟವಾಗುತ್ತದೆ, ಹಿರಿಯರಿಗೆ ಉಪದೇಶ ಕೇಳಿದಂತೆ ಆಗುವುದಿಲ್ಲ. ಕುಡಿಯುವ ನೀರಿಗೆ ನಲ್ಲಿ ಇರುವ ಸ್ಟೀಲ್ ಡ್ರಮ್, ಅಥವಾ ಉದ್ದ ಹಿಡಿಯ ಸೌಟು. ಸೋಪು ಬೇಸಿನ್ನಿನಲ್ಲಿ ಮಾತ್ರವಲ್ಲ, ಶೌಚಾಲಯದ ಒಳಗೂ ಇರಲಿ. ಸ್ಯಾನಿಟೈಸರ್ ಇದೆಯಲ್ಲ ಎಂದು ನೆಚ್ಚಬೇಡಿ, ನೊರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ಹರಿಯುವ ನೀರು, ಇಪ್ಪತ್ತು ಎಣಿಸುವಷ್ಟು ಹೊತ್ತಿನ ಉಜ್ಜುವಿಕೆ, ಇವು ಬೇಕೇ ಬೇಕು. ಯಾರಾದರೂ ವಾಂತಿ ಮಾಡಿಕೊಂಡರೆ ಮೊದಲು ಕಾಗದದಿಂದ ಬಳಿದು, ಆಮೇಲೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಿಂದ ಒರೆಸಿ. ಆ ಬಟ್ಟೆ ಅಡುಗೆಮನೆಯ ಕಟ್ಟೆಗೆ ಹೋಗಬಾರದು. ವಾಂತಿ ಭೇದಿ ಇರುವವರು, ನಿಂತ ಎರಡು ದಿನದವರೆಗೂ, ಅಡುಗೆಗೆ ಕೈ ಹಾಕಬಾರದು. ಆ ಸ್ಥಿತಿಯಲ್ಲಿ ನೀವೇ ಇದ್ದರೆ ನಿಮಗೂ ಇದೇ ನಿಯಮ.

ನೀರಿನ ಲೆಕ್ಕ ಇದರ ಜೊತೆಗೇ ಬರುತ್ತದೆ. ನಗರಗಳಿಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ನಾಲ್ವರಿದ್ದಾಗ 540 ಲೀಟರ್, ಒಂಬತ್ತು ಜನರಾದಾಗ 1215. ಬೇಸಿಗೆಯ ಬೆಂಗಳೂರಿನಲ್ಲಿ ಈ ವ್ಯತ್ಯಾಸ ತುಂಬಲು ಆಗದಿದ್ದರೆ ಮನೆಯವರು ಮೊದಲು ಉಳಿಸುವುದು ಕೈ ತೊಳೆಯುವ ನೀರನ್ನೇ. ಕೊಳೆ ಕಾಣುವುದಿಲ್ಲ, ಹಾಗಾಗಿ ಕೈಯನ್ನು ಸುಮ್ಮನೆ ಒದ್ದೆ ಮಾಡಿ ಒರೆಸಿಕೊಳ್ಳುತ್ತಾರೆ. ಉಳಿಸಲೇಬೇಕಾದರೆ ನೆಲ ಒರೆಸುವುದರಲ್ಲಿ, ಬಟ್ಟೆಯಲ್ಲಿ, ಕಾರಿನಲ್ಲಿ ಉಳಿಸಿ. ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಶೌಚಾಲಯಕ್ಕೆ ಬಳಸಿ. ಯಂತ್ರಕ್ಕೆ ಒಂಬತ್ತು ಜನರ ಹೊರೆ ಹೆಚ್ಚಾದರೆ ಕುದಿಸಿ. ಗುಳ್ಳೆಗಳು ಉರುಳಿ ಉರುಳಿ ಒಂದು ನಿಮಿಷ ಕುದಿದರೆ ಸಾಕು, ಹತ್ತು ನಿಮಿಷ ಗ್ಯಾಸ್ ಉರಿಸಬೇಕಿಲ್ಲ.

ಹಾಗೆಂದು ಅಡುಗೆಮನೆಯನ್ನು ಪೂರ್ತಿ ಬಿಡುಗಡೆ ಮಾಡಲಾರೆ. ಒಂಬತ್ತು ಜನರ ಮನೆಯಲ್ಲಿ ಅನ್ನ ಉಳಿಯುತ್ತದೆ. ರಾತ್ರಿ ಉಳಿದದ್ದು ಕುಕ್ಕರಿನಲ್ಲೇ ಇದ್ದು ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಅನ್ನದಲ್ಲಿ ಬಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯದೆ ಉಳಿದಿರುತ್ತವೆ. ಬೆಚ್ಚಗಿನ ಅನ್ನ ರಾತ್ರಿಯಿಡೀ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆ ಹಾಳಾಗುವುದಿಲ್ಲ. ‘ಚೆನ್ನಾಗಿ ಬಿಸಿ ಮಾಡಿದ್ದೆನಲ್ಲ’ ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ, ಸೆಕೆ ಹೆಚ್ಚಿರುವ ದಿನ ಒಂದೇ ಗಂಟೆಯೊಳಗೆ, ಅಗಲ ತಟ್ಟೆಯಲ್ಲಿ ಆರಿಸಿ ಸಣ್ಣ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಹಾಕಿದರೆ ಚಿತ್ರಾನ್ನಕ್ಕೆ ಅಡ್ಡಿಯಿಲ್ಲ. ಬಿಸಿ ಸಾರಿನ ದೊಡ್ಡ ಪಾತ್ರೆಯನ್ನು ಹಾಗೆಯೇ ಒಳಗಿಟ್ಟರೆ ಸಾರು ತಣ್ಣಗಾಗದು, ಫ್ರಿಜ್ಜೇ ಬೆಚ್ಚಗಾಗುತ್ತದೆ. ಬಾಗಿಲು ಮುಚ್ಚಲು ತಳ್ಳಬೇಕಾದಷ್ಟು ತುಂಬಿದ ಫ್ರಿಜ್ಜು ಬೀರು ಇದ್ದಂತೆ, ತಂಪು ಮಾಡುವುದಿಲ್ಲ.

ನಿಮ್ಮ ಅತ್ತೆಯ ಚೀಲದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಅವರು ತರುವ ಖಡಕ್ ಜೋಳದ ರೊಟ್ಟಿ, ಹಿಂಡಿ, ಅಗಸಿ ಚಟ್ನಿ ಪುಡಿ ಆ ತಿಂಗಳಲ್ಲಿ ನಿಮ್ಮ ಮನೆಯ ಅತ್ಯಂತ ಸುರಕ್ಷಿತ ಆಹಾರ. ತೇವವಿಲ್ಲದ ಕಡೆ ರೋಗಾಣು ಬೆಳೆಯುವುದಿಲ್ಲ. ನಿಮಗೆ ಕಚೇರಿಯ ಕರೆ ಇರುವ ಮಧ್ಯಾಹ್ನ ಒಂದು ಬೇಳೆ ಪಲ್ಯ, ಮಜ್ಜಿಗೆ, ಆ ರೊಟ್ಟಿ ಇಟ್ಟುಬಿಡಿ. ‘ನೆಂಟರಿಗೆ ಅವರದ್ದೇ ರೊಟ್ಟಿ ಬಡಿಸಿದಳು’ ಎಂದು ಯಾರಾದರೂ ಅಂದರೆ ಡಾಕ್ಟರ್ ಹೇಳಿದ್ದಾರೆ ಎನ್ನಿ. ಎಷ್ಟೋ ಸೊಸೆಯಂದಿರಿಗೆ ನಾನು ಬರೆದುಕೊಡುವ ಚೀಟಿಯ ಅರ್ಧ ಉಪಯೋಗ ಇದೇ.

ಈಗ ಅಮ್ಮನ ವಿಷಯ. ನನಗೆ ನಿಜವಾದ ಆತಂಕ ಇರುವುದು ಇಲ್ಲಿ, ಆದರೆ ನೀವು ಹೆದರಿರುವ ಹುಡುಗನ ಬಗ್ಗೆ ಅಲ್ಲ. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತದೆ. ಅವನಿಗೆ ಏಪ್ರಿಲ್ 10ಕ್ಕೆ ಎದ್ದು, 16ರ ಹೊತ್ತಿಗೆ ಒಣಗಿದೆ ಎಂದಿಟ್ಟುಕೊಳ್ಳಿ. ಮೇ 2ಕ್ಕೆ ಅವನಿಂದ ಯಾರಿಗೂ ಬರುವುದಿಲ್ಲ. ಕಲೆ ಇನ್ನೂ ಇದೆ ಎಂದು ಆ ಮಗುವನ್ನು ದೂರ ಕೂರಿಸುವುದು ತಪ್ಪು.

ನೋಡಬೇಕಾದದ್ದು ಅವನ ಅಕ್ಕನನ್ನು. ಒಂದೇ ಮನೆಯಲ್ಲಿ ಇದ್ದು, ಹಿಂದೆ ಬಂದಿರದ, ಲಸಿಕೆಯೂ ಆಗಿರದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಇದು ಹತ್ತುತ್ತದೆ. ಒಳಗೆ ಹೊಕ್ಕು ಹೊರಗೆ ಕಾಣಲು 10ರಿಂದ 21 ದಿನ ಬೇಕು. ತಮ್ಮನಿಂದ ಅವಳಿಗೆ ತಗುಲಬಹುದಾಗಿದ್ದ ಕೊನೆಯ ದಿನ ಏಪ್ರಿಲ್ 16. ಅಲ್ಲಿಂದ 21 ದಿನ ಎಣಿಸಿದರೆ ಮೇ 7. ಅಲ್ಲಿಯವರೆಗೆ ಅವಳು ಚೆನ್ನಾಗಿಯೇ ಆಡಿಕೊಂಡಿದ್ದರೂ ಮರುದಿನ ಗುಳ್ಳೆ ಏಳಬಹುದು. ಏಳುವ ಹಿಂದಿನ ದಿನ ಅವಳು ನಿಮ್ಮ ಮಗುವನ್ನು ಎತ್ತಿಕೊಂಡಿರಬಹುದು. ರೈಲು ಇಳಿದು ಬಂದ ಹತ್ತು ವರ್ಷದ ಅಕ್ಕ ಮೊದಲು ಓಡುವುದು ತೊಟ್ಟಿಲಿನ ಕಡೆಗೇ ತಾನೇ?

ನಿಮ್ಮ ಮಗುವಿಗೆ ಲಸಿಕೆ ಕೊಡಲು ಆಗುವುದಿಲ್ಲ, ಅದನ್ನು ವರ್ಷ ತುಂಬಿದ ಮೇಲೆಯೇ ಕೊಡುವುದು. ನಿಮಗೆ ಚಿಕ್ಕಂದಿನಲ್ಲಿ ಬಂದಿದ್ದರಿಂದ ಮಗುವಿಗೆ ಹುಟ್ಟುವಾಗ ಸ್ವಲ್ಪ ರಕ್ಷಣೆ ಸಿಕ್ಕಿರುತ್ತದೆ, ಆದರೆ ಎಂಟು ತಿಂಗಳಿಗೆ ಅದು ಬಹಳ ಇಳಿದಿರುತ್ತದೆ. ಮಗಳಿಗೆ ಎರಡನೆಯ ಡೋಸ್ ಹಾಕಿಸುವ ವಯಸ್ಸು ಇದೇ, ಈ ವಾರವೇ ಹಾಕಿಸಿ. ನಿಮ್ಮ ಯಜಮಾನರನ್ನು ಮರೆಯಬೇಡಿ. ಮಕ್ಕಳಿಗಿಂತ ದೊಡ್ಡವರಿಗೆ ಇದು ಜೋರಾಗಿ ಬರುತ್ತದೆ, ನ್ಯುಮೋನಿಯಾಕ್ಕೆ ತಿರುಗುವುದೂ ಉಂಟು. ಅವರಿಗೂ ಈಗ ಒಂದು ಡೋಸ್, ನಾಲ್ಕರಿಂದ ಎಂಟು ವಾರಕ್ಕೆ ಇನ್ನೊಂದು. ಅತ್ತೆ, ಮಾವ, ನಾದಿನಿಗೆ ಹಿಂದೆ ಬಂದಿತ್ತೇ ಎಂದು ಕೇಳಿಕೊಳ್ಳಿ.

ಇನ್ನು ದಾರಿಗಳು. ಮೇ 2ಕ್ಕೇ ಬರಲಿ ಎಂದರೆ ಯಾರ ಮನಸ್ಸೂ ನೋಯುವುದಿಲ್ಲ, ಟಿಕೆಟ್ ಹಾಳಾಗುವುದಿಲ್ಲ, ಮಗುವಿಗೆ ತಗುಲುವ ಅಪಾಯ ಮಾತ್ರ ಪೂರ್ತಿ ಉಳಿಯುತ್ತದೆ. ಎಂಟು ತಿಂಗಳ ಆರೋಗ್ಯವಂತ ಮಗುವಿಗೆ ಚಿಕನ್‌ಪಾಕ್ಸ್ ಬಂದರೆ ಬಹಳಷ್ಟು ಸಲ ವಾಸಿಯಾಗುತ್ತದೆ, ಆದರೆ ವರ್ಷದೊಳಗಿನ ಮಕ್ಕಳಲ್ಲಿ ತೊಡಕುಗಳು ಹೆಚ್ಚು. ಗೊತ್ತಿದ್ದೂ ಆ ಜೂಜು ಆಡಬೇಡಿ ಎನ್ನುತ್ತೇನೆ. ಅತ್ತೆ ಮಾವ ಮೊದಲು ಬಂದು, ನಾದಿನಿ ಮತ್ತು ಮಕ್ಕಳು ಒಂದು ವಾರ ತಡೆದು ಬರುವುದು ಎರಡನೆಯ ದಾರಿ. ಅತ್ತೆ ಮಾವನವರಿಗೆ ಹಿಂದೆ ಅಮ್ಮ ಬಂದಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಮನೆಯೂ ಒಮ್ಮೆಲೇ ತುಂಬುವುದಿಲ್ಲ. ‘ಮಗಳನ್ನು ಬೇಡವೆಂದರು’ ಎಂದು ಕೇಳಿಸುವ ಅಪಾಯ ಇದಕ್ಕಿದೆ. ಎಲ್ಲರೂ ಮೇ 8ರ ನಂತರ ಬರುವುದು ಮೂರನೆಯದು, ನನ್ನ ಆಯ್ಕೆಯೂ ಅದೇ. ಅಷ್ಟರೊಳಗೆ ಹುಡುಗಿಗೆ ಅಮ್ಮ ಬಂದರೆ ಅವಳು ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ವಾಸಿಯಾಗಲಿ. ಜ್ವರ, ತುರಿಕೆಯ ಮಗುವನ್ನು ರಾತ್ರಿ ರೈಲಿನಲ್ಲಿ ಕರೆತರುವುದು ಅವಳಿಗೂ ಹಿಂಸೆ, ಬೋಗಿಯಲ್ಲಿ ಇರುವ ಗರ್ಭಿಣಿಯರಿಗೂ ಅಪಾಯ. ಈ ವರ್ಷ ಬರುವುದೇ ಬೇಡ ಎನ್ನುವಂಥದ್ದೇನೂ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ.

ಹೇಳುವವರು ಯಾರು? ನಿಮ್ಮ ಯಜಮಾನರು. ನೀವಲ್ಲ. ಸೊಸೆಯ ಬಾಯಿಂದ ಬಂದರೆ ‘ಒಂದು ವಾರ ತಡೆದು ಬನ್ನಿ’ ಎನ್ನುವುದು ‘ಬರಬೇಡಿ’ ಎಂದು ಕೇಳಿಸುತ್ತದೆ, ಮಗನ ಬಾಯಿಂದ ಬಂದರೆ ತಾರೀಕು ಎಂದು ಕೇಳಿಸುತ್ತದೆ. ಅವರು ತಂಗಿಗೇ ಫೋನ್ ಮಾಡಿ, ‘ಡಾಕ್ಟರ್ ಲೆಕ್ಕ ಹಾಕಿದ್ದಾರೆ, ದೊಡ್ಡವಳಿಗೆ ಮೇ 7ರವರೆಗೆ ಬರುವ ಸಂಭವ ಇದೆಯಂತೆ. 9ಕ್ಕೆ ಟಿಕೆಟ್ ನಾನೇ ಮಾಡಿಸುತ್ತೇನೆ, ಒಂದು ವಾರ ಹೆಚ್ಚಿಗೆ ಇದ್ದು ಹೋಗಿ’ ಎನ್ನಲಿ. ಹೊಸ ಟಿಕೆಟ್ಟಿನ ಮಾತು ಅದೇ ಉಸಿರಿನಲ್ಲಿ ಬರಬೇಕು. ಅತ್ತೆಯ ಮನೆಯಲ್ಲಿ ಅಮ್ಮ ಬಂದಾಗ ಬೇವಿನ ಸೊಪ್ಪು ಹಾಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಒಳಗೆ ಬರುವುದಿಲ್ಲ. ‘ಅಮ್ಮ ಇಳಿದು ಹೋಗುವವರೆಗೆ ಪ್ರಯಾಣ ಬೇಡ’ ಎನ್ನುವುದು ಅವರಿಗೆ ಹೊಸ ಮಾತೇನಲ್ಲ. ಹುಡುಗಿಗೆ ಬಂದರೆ ಸ್ನಾನ ಮಾಡಿಸಬಹುದು, ಉಗುರು ಕತ್ತರಿಸಿಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್ ಖಂಡಿತ ಬೇಡ, ಐಬುಪ್ರೊಫೆನ್ ಸಹ ಬೇಡ.

ಮಾವನವರ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಆಸ್ಪತ್ರೆ ಸೇರಿದವರು ಅವರೊಬ್ಬರೇ, ಅದು ಆಕಸ್ಮಿಕವಲ್ಲ. ವಾಂತಿಯಾಗುತ್ತಿರುವಾಗ ಸಕ್ಕರೆ ಕಾಯಿಲೆಯವರು ಎರಡು ತಪ್ಪು ಮಾಡುತ್ತಾರೆ. ಊಟವಿಲ್ಲ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ಒಂದು, ಏನೂ ತಿನ್ನದೆ ಎಂದಿನಷ್ಟೇ ಚುಚ್ಚಿಕೊಳ್ಳುವುದು ಇನ್ನೊಂದು. ಎರಡೂ ಅಪಾಯ. ಅವರ ವೈದ್ಯರಿಂದ ‘ಹೊಟ್ಟೆ ಕೆಟ್ಟ ದಿನ ಎಷ್ಟು ಇನ್ಸುಲಿನ್, ಯಾವ ಮಾತ್ರೆ ನಿಲ್ಲಿಸಬೇಕು’ ಎಂದು ಒಂದು ಕಾಗದದ ಮೇಲೆ ಬರೆಸಿಕೊಂಡೇ ರೈಲು ಹತ್ತಲಿ. ಸಕ್ಕರೆ ನೋಡುವ ಯಂತ್ರ ಜೊತೆಗಿರಲಿ. 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಕಾಲು ಗಂಟೆಗೆ ಮತ್ತೆ ನೋಡಿ. 300 ದಾಟಿದರೆ, ಕುಡಿದದ್ದು ನಿಲ್ಲದಿದ್ದರೆ, ಮಾತು ತೊದಲಿದರೆ ಮನೆಯಲ್ಲಿ ಕಾಯಬೇಡಿ.

ಇನ್ಸುಲಿನ್ನನ್ನು ರೈಲಿನಲ್ಲಿ ಐಸ್ ಗಡ್ಡೆಗೆ ತಾಗಿಸಿ ತರಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮನೆಯಲ್ಲಿ ಒಡೆಯದ ಬಾಟಲಿಗಳು ಫ್ರಿಜ್ಜಿನ ನಡು ಹಲಗೆಯಲ್ಲಿ, ಫ್ರೀಜರಿನಿಂದ ದೂರ. ಬಳಕೆಯಲ್ಲಿರುವ ಬಾಟಲಿ 30 ಡಿಗ್ರಿ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಹೊರಗಿರಬಹುದು. ಕಲಬುರಗಿಯಲ್ಲಿ ಕರೆಂಟ್ ಹೋದ ಮಧ್ಯಾಹ್ನಗಳಿಗೆ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ನೀರು ನುಗ್ಗದ ಡಬ್ಬಿಯಲ್ಲಿ ಇಟ್ಟರೆ ಚೆನ್ನಾಗಿ ಉಳಿಯುತ್ತದೆ.

ಮೊದಲ ರಾತ್ರಿ ಹಾಲ್‌ನಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಒಬ್ಬ ಹಿರಿಯರು ಮಗನ ಮನೆಗೆ ಬಂದ ಮೊದಲ ರಾತ್ರಿಯೇ ಬಿದ್ದು ಸೊಂಟ ಮುರಿದುಕೊಂಡಿದ್ದರು. ಎದ್ದ ನಿದ್ದೆಗಣ್ಣಿನಲ್ಲಿ, ಊರಿನ ಮನೆಯಲ್ಲಿ ಬಚ್ಚಲಿರುವ ಎಡಗಡೆಗೆ ತಿರುಗಿದ್ದರು. ಇಲ್ಲಿ ಎಡಗಡೆ ಇದ್ದದ್ದು ಬಾಲ್ಕನಿಯ ಮೆಟ್ಟಿಲು.

ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಹತ್ತಾದರೂ ಇರಲಿ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರಬೇಕು, ರುಚಿ ರುಚಿಯಾದ ಪೆಟ್ಟಿಗೆ ಪಾನೀಯಗಳು ಅದರ ಬದಲಿ ಅಲ್ಲ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕಲಸಿದರೆ ಉಪ್ಪು ಹೆಚ್ಚುಕಡಿಮೆಯಾಗುತ್ತದೆ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದ ಅಪರಾತ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಸಮ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಸಕ್ಕರೆ ಕಾಯಿಲೆಯವರಿಗೆ ಓಆರ್‌ಎಸ್ ಕೊಡಬಾರದು ಎನ್ನುತ್ತಾರಲ್ಲ, ತಪ್ಪು. ಭೇದಿಯಲ್ಲಿ ಅವರಿಗೂ ಅದು ಬೇಕು, ಯಂತ್ರದಲ್ಲಿ ಸಕ್ಕರೆ ನೋಡಿಕೊಳ್ಳುತ್ತ ಕೊಡಿ. ಮಕ್ಕಳಿಗೆ ಭೇದಿ ಕಟ್ಟುವ ಮಾತ್ರೆ ಬೇಡ. ಜೊತೆಗೆ ಸತುವಿನ (ಜಿಂಕ್) ಔಷಧಿ, ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, ಭೇದಿ ನಿಂತರೂ ಹದಿನಾಲ್ಕು ದಿನ. ಈ ಉಪ್ಪು ಸಕ್ಕರೆಯ ನೀರನ್ನು ಹಗುರವಾಗಿ ನೋಡುವವರಿಗೆ ನಾನು ಡಾ. ದಿಲೀಪ್ ಮಹಲನಾಬಿಸ್ ಅವರ ಹೆಸರು ಹೇಳುತ್ತೇನೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಸಲೈನ್ ಮುಗಿದುಹೋಯಿತು. ಅವರು ಡ್ರಮ್‌ಗಳಲ್ಲಿ ಇದನ್ನೇ ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗಿಳಿಯಿತು.

ಮಗುವಿಗೆ ಭೇದಿಯಾದರೆ ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಆರು ಗಂಟೆ ಮೂತ್ರವಿಲ್ಲ, ಕಣ್ಣು ಒಳಸೇರಿದೆ, ಕುಡಿಯಲು ಎಬ್ಬಿಸಿದರೂ ಏಳುತ್ತಿಲ್ಲ, ಮಲದಲ್ಲಿ ರಕ್ತವಿದೆ, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಓಡಿ. ಅಜ್ಜಿಯ ಪ್ರೀತಿಯ ಜೇನುತುಪ್ಪ ವರ್ಷ ತುಂಬುವವರೆಗೆ ಬೇಡ, ಕಾಡಿಗೆ ಕಣ್ಣೊಳಗೆ ಬೇಡ. ದೃಷ್ಟಿಬೊಟ್ಟು ಬೇಕೆಂದರೆ ಅಂಗಾಲಿಗೆ ಇಡಲಿ, ನನ್ನ ತಕರಾರಿಲ್ಲ.

ಈ ಪತ್ರದಲ್ಲಿ ನೀವು ಕೇಳದ, ಆದರೆ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ಎರಡು ವಸ್ತುಗಳಿವೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಬೇಸಿಗೆಗೆಂದು ನೀರು ತುಂಬಿಟ್ಟ ಬಕೆಟ್ ಮೊದಲನೆಯದು. ಗೇಣು ನೀರಿನಲ್ಲಿ, ಸದ್ದಿಲ್ಲದೆ, ಎರಡು ಮೂರು ನಿಮಿಷಗಳಲ್ಲಿ ಆಗಬಾರದ್ದು ಆಗುತ್ತದೆ. ಮನೆ ತುಂಬ ಜನರಿರುವಾಗ ಮಗು ಯಾರೋ ಒಬ್ಬರ ಬಳಿ ಇದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಬಚ್ಚಲಿನ ಬಾಗಿಲಿಗೆ ಮೇಲ್ಗಡೆ ಚಿಲಕ, ತುಂಬಿದ ಡ್ರಮ್ಮಿಗೆ ಬಿಗಿ ಮುಚ್ಚಳ. ಆ ಮುಚ್ಚಳ ಡೆಂಗೆ ಸೊಳ್ಳೆಯನ್ನೂ ತಡೆಯುತ್ತದೆ. ಎರಡನೆಯದು ಅಜ್ಜನ ಕೈಚೀಲ. ಹಾಸಿಗೆ ನೆಲದ ಮೇಲೆ, ಚೀಲ ಅದರ ಪಕ್ಕದಲ್ಲಿ, ಒಳಗೆ ಹೊಳೆಯುವ ಮಾತ್ರೆ ಪಟ್ಟಿ. ಸಕ್ಕರೆ ಇಳಿಸುವ ಗ್ಲಿಮಿಪಿರೈಡ್‌ನಂಥ ಒಂದೇ ಒಂದು ಮಾತ್ರೆ ಎಂಟು ತಿಂಗಳ ಮಗುವಿನ ಜೀವಕ್ಕೆ ಅಪಾಯ. ಅವರು ಬಂದ ದಿನವೇ ಎಲ್ಲರ ಮಾತ್ರೆಗಳಿಗೂ ಬೀರುವಿನ ಮೇಲೆ ಒಂದು ಡಬ್ಬಿ ಮಾಡಿ, ಅದರ ಜವಾಬ್ದಾರಿಯನ್ನು ಹತ್ತು ವರ್ಷದ ಹುಡುಗಿಗೆ ಅಲ್ಲ, ನಿಮ್ಮ ಯಜಮಾನರಿಗೆ ವಹಿಸಿ. ನೀರು, ಬಚ್ಚಲು, ಕಸ, ಇವೂ ಅವರ ಪಾಲಿಗೆ ಬರಲಿ. ರೊಟ್ಟಿ ಬಡಿಯಲು ಅತ್ತೆಗೆ, ತರಕಾರಿಗೆ ನಾದಿನಿಗೆ ಬಾಯಿಬಿಟ್ಟು ಹೇಳಿ. ಅವರು ಕೈ ಹಾಕದೆ ಇರುವುದು ಎಷ್ಟೋ ಸಲ ‘ಅವಳ ಅಡುಗೆಮನೆ’ ಎನ್ನುವ ಹಿಂಜರಿಕೆಯಿಂದ. ದಣಿದವರು ಮಾಡುವ ಅಡುಗೆಯಲ್ಲೇ ನಿನ್ನೆಯ ಅನ್ನ ಇವತ್ತಿನ ತಿಂಡಿಯಾಗುವುದು.

ಇನ್ನು ಶೇಂಗಾ ಹಿಂಡಿ. ಖಾರ, ಉಪ್ಪು ಇರುವುದರಿಂದ ಮಗುವಿಗೆ ಅದು ಬೇಡ. ಇಡೀ ಶೇಂಗಾ ಕಾಳು ಐದು ವರ್ಷದವರೆಗೂ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಆದರೆ ಅತ್ತೆಗೆ ಈಗಲೇ ಫೋನಿನಲ್ಲಿ ಹೇಳಿ: ಸ್ವಲ್ಪ ಶೇಂಗಾವನ್ನು ಖಾರ ಉಪ್ಪು ಹಾಕದೆ ಹುರಿದು, ನುಣ್ಣಗೆ ಪುಡಿ ಮಾಡಿ ಬೇರೆ ಡಬ್ಬಿಯಲ್ಲಿ ತರಲಿ. ಮಗುವಿಗೆ ಇಸುಬು ಅಥವಾ ಬೇರೆ ಆಹಾರದ ಅಲರ್ಜಿ ಇಲ್ಲದಿದ್ದರೆ ರಾಗಿ ಅಂಬಲಿಗೆ ಮೊದಲ ದಿನ ಚಮಚದ ತುದಿಯಷ್ಟು ಕಲಸಿ, ಹಗಲು ಹೊತ್ತು ಕೊಟ್ಟು ನೋಡಿ. ಮೈ ಕೆಂಪಾಗದಿದ್ದರೆ, ವಾಂತಿಯಾಗದಿದ್ದರೆ ಸ್ವಲ್ಪ ಸ್ವಲ್ಪ ಹೆಚ್ಚಿಸಬಹುದು. ಖಾರದ ಹಿಂಡಿಯ ದೊಡ್ಡ ಡಬ್ಬಿಯನ್ನು ಮೊಸರಿನ ಜೊತೆ ನೀವು ಮುಗಿಸಿ.